ಕೊಳ್ಳಿ ಹಿಂದಕ್ಕೆ ಎಳೆಯುವ ಪೆಟ್ಟಿಗೆ

ಅಮ್ಮನ ಒಂದು ಮಾತು ಎಂಟು ವರ್ಷದಿಂದ ನನ್ನ ಬೆನ್ನು ಬಿಟ್ಟಿಲ್ಲ. "ಈ ಪೆಟ್ಟಿಗೆಗೆ ಇರುವುದು ಒಂದೇ ಉರಿ ಮಾರಾಯ್ತಿ. ಒಂದೇ ಉರಿಯಲ್ಲಿ ಎಂತ ಅಡುಗೆ ಆಗ್ತದೆ?" ಪೆಟ್ಟಿಗೆ ಅಂದರೆ ನಮ್ಮ ಮೈಕ್ರೋವೇವ್. ಅಮ್ಮ ಅದನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಆ ದಿನ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನೂ ಹಾಗೇ ನಂಬಿದ್ದೆ. ಬಿಸಿ ಮಾಡಬೇಕು, 30 ಸೆಕೆಂಡಿನ ಬಟನ್ ಒತ್ತಬೇಕು, ಸಾಲದಿದ್ದರೆ ಇನ್ನೊಮ್ಮೆ ಒತ್ತಬೇಕು. ನಮ್ಮ ಗೆಳತಿಯರ ಮನೆಗಳಲ್ಲೂ ಅಷ್ಟೇ. ಉಳಿದ ಬಟನ್‌ಗಳ ಮೇಲೆ ಧೂಳು ಕೂತಿರುತ್ತದೆ.

ಅದು ಜೂನ್ ತಿಂಗಳು, ಮೀನು ಹಿಡಿಯುವ ಬೋಟುಗಳಿಗೆ ರಜೆಯ ಸಮಯ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಮಂಗಳೂರಿನಲ್ಲಿ ತಾಜಾ ಮೀನಿಗೆ ಪರದಾಟ. ಮೇ ಕೊನೆಯಲ್ಲೇ ನಾನು ದಕ್ಕೆಗೆ, ಅಂದರೆ ಮೀನಿನ ಬಂದರಿಗೆ ಹೋಗಿ ಬಂಗುಡೆ ತಂದು, ಹೊಟ್ಟೆ ತೆಗೆದು ತೊಳೆದು, ಆರಾರು ಮೀನಿನ ಕಟ್ಟು ಮಾಡಿ ಫ್ರೀಜರಿನಲ್ಲಿ ಇಟ್ಟಿದ್ದೆ. ಮಳೆಗಾಲಕ್ಕೆ ಅಂತ ಅಮ್ಮ ಬೆಳ್ಮಣ್ಣಿನಿಂದ ನಮ್ಮ ಕದ್ರಿಯ ಫ್ಲಾಟಿಗೆ ಬಂದಿದ್ದರು. ಒಂದು ಭಾನುವಾರ ಹನ್ನೊಂದು ಗಂಟೆಗೆ ಅಣ್ಣ ಫೋನ್ ಮಾಡಿದ. ಊಟಕ್ಕೆ ಬರುತ್ತೇನೆ ಅಂದ. ಅಮ್ಮ ಕೂಡಲೇ ಹುಳಿ ಖಾರದ ಮೀನು ಸಾರಿಗೆ, ಪುಳಿಮುಂಚಿಗೆ, ಮೆಣಸು ಹುರಿಯಲು ಶುರು ಮಾಡಿದರು. "ಮೀನು ಹೊರಗೆ ತೆಗಿ ಮಗಾ" ಅಂದರು. ತೆಗೆದೆ. ಕಲ್ಲು. ಒಂದಕ್ಕೊಂದು ಅಂಟಿಕೊಂಡ ಆರು ಬಂಗುಡೆಗಳ ಒಂದು ಕಲ್ಲು. ನೀರಿನಲ್ಲಿ ಹಾಕಿದರೆ ಒಂದು ಗಂಟೆ ಬೇಕು. ನಾನು ಅದನ್ನು ತಟ್ಟೆಯಲ್ಲಿಟ್ಟು ಪೆಟ್ಟಿಗೆಯೊಳಗೆ ತಳ್ಳಿದೆ. ಐದು ನಿಮಿಷ ಇಟ್ಟೆ.

ಮೂರನೇ ನಿಮಿಷಕ್ಕೆ ಒಳಗೆ ಟಪ್ ಅಂತ ಸದ್ದಾಯಿತು. ಬಾಗಿಲು ತೆಗೆದರೆ ಬೆಂದ ಮೀನಿನ ವಾಸನೆ. ಬಾಲಗಳು ಬೆಳ್ಳಗೆ ಬೆಂದು ಗಟ್ಟಿಯಾಗಿದ್ದವು. ಹೊರಗಿನ ಎರಡು ಮೀನುಗಳ ಹೊಟ್ಟೆಯ ಚರ್ಮ ಒಡೆದಿತ್ತು. ಮಧ್ಯದಲ್ಲಿ ಬೆರಳಿಟ್ಟರೆ ಇನ್ನೂ ಮಂಜುಗಡ್ಡೆ. ಅಮ್ಮ ಬಂದು ನೋಡಿದರು. ಬೈಯಲಿಲ್ಲ. ಕತ್ತಿಯಲ್ಲಿ ಬೆಂದ ಭಾಗ ಕತ್ತರಿಸಿ ತೆಗೆದರು. ಉಳಿದದ್ದನ್ನು ಬೆಚ್ಚಗಿನ ನೀರಿನಲ್ಲಿ ಬಿಡಿಸಿ, ಹೇಗೋ ಪುಳಿಮುಂಚಿ ಮಾಡಿದರು. ಅಣ್ಣ ಚೆನ್ನಾಗಿದೆ ಅಂದ. ಆದರೆ ಮೀನು ಒಂದೊಂದು ಕಡೆ ನಾರುನಾರಾಗಿತ್ತು, ನಮಗೆ ಮೂವರಿಗೂ ಗೊತ್ತಿತ್ತು. ಪಾತ್ರೆ ತೊಳೆಯುವಾಗ ಅಮ್ಮ ಆ ಮಾತು ಹೇಳಿದ್ದು. ಆಮೇಲೆ ಅವರು ಇಲ್ಲಿ ಇರುವಷ್ಟು ದಿನವೂ ಪೆಟ್ಟಿಗೆಯ ಹತ್ತಿರ ಹೋಗುತ್ತಿರಲಿಲ್ಲ. ಅರ್ಧ ಲೋಟ ಹಾಲಿಗೂ ಗ್ಯಾಸ್ ಹಚ್ಚುತ್ತಿದ್ದರು.

ಅಜ್ಜಿಯ ಒಲೆ

"ಒಂದೇ ಉರಿ" ಅನ್ನುವ ಮಾತು ಅಮ್ಮನಿಗೆ ಬಂದದ್ದು ಎಲ್ಲಿಂದ ಅಂತ ನನಗೆ ಗೊತ್ತು. ಬೆಳ್ಮಣ್ಣಿನ ಅಜ್ಜಿಮನೆಯಲ್ಲಿ ಉರಿಗೆ ಹತ್ತು ಬಗೆ ಇತ್ತು. ಒಣಗಿದ ತೆಂಗಿನ ಮಡಲು ಅಂದರೆ ಭಗ್ಗನೆ ಎದ್ದು ಎರಡು ನಿಮಿಷದಲ್ಲಿ ಮುಗಿಯುವ ಉರಿ. ಅದು ಒಲೆ ಹಚ್ಚಲು, ನೀರು ಬಿಸಿ ಮಾಡಲು. ಗೆರಟೆ (ತೆಂಗಿನ ಚಿಪ್ಪು) ಅಂದರೆ ಜೋರು ಉರಿ, ದೋಸೆ ಕಾವಲಿಗೆ. ತೆಂಗಿನ ಸಿಪ್ಪೆ ಹೊಗೆಯಾಡುತ್ತಾ ನಿಧಾನಕ್ಕೆ ಉರಿಯುತ್ತಿತ್ತು. ದಪ್ಪ ಕಟ್ಟಿಗೆಯ ಕೆಂಡ ಮಾತ್ರ ಅನ್ನಕ್ಕೆ. ಯಾವುದಕ್ಕೆ ಯಾವ ಉರಿ ಅಂತ ಅಜ್ಜಿ ಯಾರಿಗೂ ಕೂತು ಪಾಠ ಮಾಡಿದ್ದಿಲ್ಲ. ಮಾಡಿ ಮಾಡಿ ಕೈಗೆ ಬಂದದ್ದು. ತಪ್ಪು ಕಟ್ಟಿಗೆ ಹಾಕಿದರೆ ಮಾತ್ರ "ಅದು ಅಲ್ಲ, ಇದು" ಅಂತ ಕೈಯಿಂದ ಕಿತ್ತುಕೊಳ್ಳುತ್ತಿದ್ದರು.

ನನಗೆ ಬಹಳ ನೆನಪಿರುವುದು ಕುಚ್ಚಲಕ್ಕಿ ಅನ್ನ. ಬೆಳಿಗ್ಗೆ ಎಂಟು ಗಂಟೆಗೇ ದೊಡ್ಡ ಮಡಕೆಯಲ್ಲಿ ನೀರು. ನೀರು ಕುದಿದ ಮೇಲೆ ಅಕ್ಕಿ. ಅಕ್ಕಿ ಹಾಕಿದ ಮೇಲೆ ಮತ್ತೊಂದು ಕುದಿ. ಗಂಜಿಯ ನೊರೆ ಬಾಯಿವರೆಗೆ ಏರಿ, ಮುಚ್ಚಳ ಟಕ ಟಕ ಅನ್ನುವಾಗ ಅಜ್ಜಿ ಕೊಳ್ಳಿಯನ್ನು ಹಿಂದಕ್ಕೆ ಎಳೆಯುತ್ತಿದ್ದರು. ಪೂರ್ತಿ ಹೊರಗೆ ತೆಗೆಯುವುದಿಲ್ಲ. ಒಲೆಯ ಬಾಯಿಗೆ ತಂದು ಬಿಡುವುದು. ಮುಚ್ಚಳದ ಸದ್ದು ನಿಲ್ಲುತ್ತಿತ್ತು. ಅಜ್ಜಿ ಎದ್ದು ಹಟ್ಟಿಗೆ ಹೋಗಿ ದನಕ್ಕೆ ಹುಲ್ಲು ಹಾಕಿ ಬರುತ್ತಿದ್ದರು. ಬಂದು, ಒಳಗೆ ಇಣುಕದೆ, ಬರೀ ಕಿವಿ ಕೊಟ್ಟು ಕೇಳಿ, ಕೊಳ್ಳಿಯನ್ನು ಒಂದು ಗೇಣು ಒಳಗೆ ದೂಡುತ್ತಿದ್ದರು. ಮತ್ತೆ ಕುದಿ. ಮತ್ತೆ ಎಳೆಯುವುದು. ಹೀಗೆ ನಾಲ್ಕೈದು ಸಲ. ನಾನು ಸಣ್ಣವಳಿದ್ದಾಗ ಒಮ್ಮೆ ಅವಸರಕ್ಕೆ ಕೊಳ್ಳಿ ಜೋರಾಗಿ ಒಳಗೆ ತಳ್ಳಿದ್ದೆ. ಬೇಗ ಬೇಯಲಿ ಅಂತ. ಗಂಜಿ ಉಕ್ಕಿ ಒಲೆಗೆ ಚೆಲ್ಲಿತು. ಅಜ್ಜಿ ಕೊಳ್ಳಿ ಎಳೆದು, ಬೂದಿ ಸರಿಸಿ, ಹೇಳಿದರು: "ಅನ್ನ ಕುದಿಯುವಾಗ ಬೇಯುವುದಲ್ಲ ಮಗಾ. ಕುದಿ ನಿಂತ ಮೇಲೆ ಬೇಯುವುದು."

ಈಗ ಮಂಗಳೂರಿನ ಎಷ್ಟೋ ಮನೆಗಳಲ್ಲಿ ಕುಚ್ಚಲಕ್ಕಿಯನ್ನು ಒಂದು ಕುದಿ ಕುದಿಸಿ ಥರ್ಮಲ್ ಕುಕ್ಕರಿನೊಳಗೆ ಇಟ್ಟುಬಿಡುತ್ತಾರೆ. ಬೆಂಕಿಯೇ ಇಲ್ಲ, ಒಳಗಿರುವ ಬಿಸಿಯಲ್ಲೇ ಅನ್ನ ಆಗುತ್ತದೆ. ಅಜ್ಜಿಯ ಮಾತು ನಿಜ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಸದ್ದು ಬಂದು ಹೋಗುವುದು

ಹೋದ ವರ್ಷ ಒಂದು ರಾತ್ರಿ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಹೊರಗೆ ಮಳೆ ಬಿಟ್ಟಿತ್ತು. ತೆಂಗಿನತುರಿ ಫ್ರೀಜರಿನಿಂದ ತೆಗೆದು ಪೆಟ್ಟಿಗೆಯಲ್ಲಿಟ್ಟು ಬಟನ್ ಒತ್ತಿದೆ. ಕೈತಪ್ಪಿ ಬೇರೆ ಯಾವುದೋ ಒತ್ತಿರಬೇಕು, ಪರದೆಯಲ್ಲಿ 30 ಅಂತ ಬಂತು. ಸ್ವಲ್ಪ ಹೊತ್ತಿಗೆ ಗುಂಯ್ ಅನ್ನುವ ಸದ್ದು ನಿಂತಿತು. ದೀಪ ಉರಿಯುತ್ತಿತ್ತು, ತಟ್ಟೆ ತಿರುಗುತ್ತಿತ್ತು, ಫ್ಯಾನ್ ಓಡುತ್ತಿತ್ತು. ಆದರೆ ಆ ಭಾರದ ಸದ್ದು ಮಾತ್ರ ಇಲ್ಲ. ಕೆಟ್ಟುಹೋಯಿತು ಅಂದುಕೊಂಡೆ. ಆಫ್ ಮಾಡಲು ಕೈ ಚಾಚುವಷ್ಟರಲ್ಲಿ ಮತ್ತೆ ಶುರುವಾಯಿತು. ಮತ್ತೆ ನಿಂತಿತು. ನಾನು ಅಲ್ಲೇ ನಿಂತು ಕೇಳಿದೆ. ನನಗೆ ಸೀದಾ ನೆನಪಾದದ್ದು ಮಡಕೆಯ ಮುಚ್ಚಳದ ಟಕ ಟಕ.

ಆಮೇಲೆ ಕೂತು ಓದಿದೆ, ಮೊಬೈಲಿನಲ್ಲಿ ಸೆಕೆಂಡ್ ಎಣಿಸಿದೆ. ಮೈಕ್ರೋವೇವಿನ ಒಳಗೆ ಅಲೆ ಹುಟ್ಟಿಸುವುದು ಮ್ಯಾಗ್ನೆಟ್ರಾನ್ ಎಂಬ ಒಂದು ಕೊಳವೆ. ಮಾಮೂಲಿ ಓವನ್‌ನಲ್ಲಿ ಅದಕ್ಕೆ ಸಣ್ಣ ಉರಿ, ದೊಡ್ಡ ಉರಿ ಅಂತ ಇಲ್ಲ. ಉರಿದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ. ಹಾಗಾದರೆ ಪರದೆಯಲ್ಲಿ ಬರುವ ಶೇಕಡಾ 50, 30 ಉರಿ ಅನ್ನುವುದು ಏನು? ಅದು ಎಷ್ಟು ಹೊತ್ತು ಉರಿಯಬೇಕು, ಎಷ್ಟು ಹೊತ್ತು ಸುಮ್ನೆ ಇರಬೇಕು ಅನ್ನುವ ಲೆಕ್ಕ. ನಮ್ಮ ಓವನ್‌ನಲ್ಲಿ ಒಂದು ಸುತ್ತು ಸುಮಾರು 30 ಸೆಕೆಂಡ್. 50ರಲ್ಲಿ ಇಟ್ಟರೆ ಹದಿನೈದು ಹದಿನಾರು ಸೆಕೆಂಡ್ ಗುಂಯ್, ಉಳಿದಷ್ಟು ಮೌನ. 30ರಲ್ಲಿ ಹತ್ತು ಹನ್ನೊಂದು ಸೆಕೆಂಡ್ ಗುಂಯ್, ಮತ್ತೆ ಮೌನ. ಅಂದರೆ ಅಮ್ಮ ಹೇಳಿದ್ದು ಒಂದು ಲೆಕ್ಕದಲ್ಲಿ ನೂರಕ್ಕೆ ನೂರು ಸರಿ. ಈ ಪೆಟ್ಟಿಗೆಗೆ ಇರುವುದು ಒಂದೇ ಉರಿ. ಆದರೆ ಅದು ಕೊಳ್ಳಿಯನ್ನು ಹಿಂದಕ್ಕೆ ಎಳೆಯುತ್ತದೆ, ಮತ್ತೆ ಮುಂದಕ್ಕೆ ದೂಡುತ್ತದೆ. ಅಜ್ಜಿ ಮಾಡುತ್ತಿದ್ದದ್ದೂ ಅದೇ ಅಲ್ವಾ!

(ಇನ್ವರ್ಟರ್ ಇರುವ ಓವನ್‌ಗಳ ಕಥೆ ಬೇರೆ. ಅವು ಗ್ಯಾಸಿನ ಹಾಗೆ ಉರಿಯನ್ನೇ ಸಣ್ಣ ಮಾಡುತ್ತವೆ, ಸದ್ದು ನಿಂತು ನಿಂತು ಬರುವುದಿಲ್ಲ. ನಮ್ಮದು ಅಂಥದ್ದಲ್ಲ.)

ಈ ಮ್ಯಾಗ್ನೆಟ್ರಾನ್ ಅಡುಗೆಮನೆಗೆ ಬಂದದ್ದು ರೇಡಾರಿನಿಂದ. 1945ರಲ್ಲಿ ಅಮೆರಿಕದಲ್ಲಿ ಪರ್ಸಿ ಸ್ಪೆನ್ಸರ್ ಎಂಬ ಎಂಜಿನಿಯರ್ ರೇಡಾರಿನ ಮ್ಯಾಗ್ನೆಟ್ರಾನ್ ಹತ್ತಿರ ಕೆಲಸ ಮಾಡುವಾಗ ಜೇಬಿನಲ್ಲಿದ್ದ ಮಿಠಾಯಿ ಕರಗಿತು. ಅಲ್ಲಿಂದ ಶುರು. 1947ರಲ್ಲಿ ಮಾರಾಟಕ್ಕೆ ಬಂದ ಮೊದಲ ಓವನ್ ಆಳೆತ್ತರ ಇತ್ತು, ತೂಕ ಸುಮಾರು 340 ಕಿಲೋ. ಹಡಗು ಹುಡುಕಲು ಮಾಡಿದ ವಸ್ತು ನಮ್ಮ ಮನೆಯಲ್ಲಿ ಬಂಗುಡೆಯ ಮಂಜು ಬಿಡಿಸುತ್ತಿದೆ.

ಮಂಜು ಮತ್ತು ನೀರು

ಆ ಭಾನುವಾರದ ಬಂಗುಡೆಗೆ ಆದದ್ದೇನು ಅಂತ ಈಗ ನನಗೆ ಅರ್ಥವಾಗಿದೆ. ಮೈಕ್ರೋವೇವ್ ಅಲೆ ಬಿಸಿ ಮಾಡುವುದು ಮುಖ್ಯವಾಗಿ ನೀರನ್ನು. ನೀರಿನ ಕಣಗಳು ಅಲೆಯ ಜೊತೆ ಅತ್ತ ಇತ್ತ ತಿರುಗಲು ನೋಡುತ್ತವೆ, ಆ ತಿಕ್ಕಾಟದಲ್ಲಿ ಬಿಸಿ ಹುಟ್ಟುತ್ತದೆ. ಮಂಜುಗಡ್ಡೆಯಲ್ಲೂ ನೀರೇ ಇರುವುದು, ನಿಜ. ಆದರೆ ಅಲ್ಲಿ ಕಣಗಳು ಒಂದಕ್ಕೊಂದು ಬಿಗಿಯಾಗಿ ಕಟ್ಟಿಕೊಂಡಿರುತ್ತವೆ. ಹಾಗೆ ಸುಲಭವಾಗಿ ತಿರುಗಲು ಆಗುವುದಿಲ್ಲ. ಅದಕ್ಕೇ ಮಂಜು ಅಲೆಯನ್ನು ಬಹಳ ಕಡಿಮೆ ಹೀರುತ್ತದೆ. ತೊಂದರೆ ಶುರುವಾಗುವುದು ಒಂದು ಮೂಲೆ ಕರಗಿದಾಗ. ಕರಗಿದ ಆ ಚೂರು ನೀರು ಅಲೆಯನ್ನು ಗಬಗಬನೆ ಹೀರುತ್ತದೆ. ಹೀರಿದಷ್ಟೂ ಪಕ್ಕದ್ದು ಕರಗುತ್ತದೆ, ಅದೂ ಹೀರುತ್ತದೆ. ಬಾಲ, ರೆಕ್ಕೆ, ಅಂಚು ಇವೆಲ್ಲ ತೆಳ್ಳಗೆ ಇರುವುದರಿಂದ ಮೊದಲು ಕರಗುವುದೂ ಅವೇ. ಬಾಲ ಬೆಂದು ಮುಗಿದರೂ ನಡುವಿನ ಮುಳ್ಳಿನ ಹತ್ತಿರ ಮಂಜು ಹಾಗೇ ಇರುತ್ತದೆ.

ಪೂರ್ತಿ ಉರಿಯಲ್ಲಿ ಇಟ್ಟರೆ ಇದಕ್ಕೆ ಮದ್ದಿಲ್ಲ. ಬಿಡುವು ಬೇಕು. ಸದ್ದು ನಿಂತ ಇಪ್ಪತ್ತು ಸೆಕೆಂಡಿನಲ್ಲಿ ಹೊರಗಿನ ಬಿಸಿ ಒಳಗೆ ಹರಿಯುತ್ತದೆ. ಬೆಚ್ಚಗಾದ ಅಂಚು ತಣ್ಣಗಿನ ಮಧ್ಯಕ್ಕೆ ಬಿಸಿ ದಾಟಿಸುತ್ತದೆ, ತಾನು ಬೇಯುವ ಮಟ್ಟಕ್ಕೆ ಏರುವುದಿಲ್ಲ. "ಮೈಕ್ರೋವೇವ್ ಒಳಗಿನಿಂದ ಹೊರಗೆ ಬೇಯಿಸುತ್ತದೆ" ಅಂತ ಒಂದು ಮಾತಿದೆ. ಅದು ಸರಿಯಲ್ಲ. ಅಲೆಯ ಬಲವೆಲ್ಲ ಹೆಚ್ಚಾಗಿ ಹೊರಗಿನ ಎರಡು ಮೂರು ಸೆಂಟಿಮೀಟರಿನಲ್ಲೇ ಮುಗಿಯುತ್ತದೆ. ಅದಕ್ಕಿಂತ ಒಳಗೆ ಬಿಸಿ ಹೋಗಬೇಕಾದರೆ ಅದು ನಡೆದುಕೊಂಡೇ ಹೋಗಬೇಕು. ನಡೆಯುವವರಿಗೆ ಹೊತ್ತು ಬೇಕು.

ಈಗ ನಾನು ಮಾಡುವುದು ಹೀಗೆ. ಬಂಗುಡೆಯನ್ನು 30ರಲ್ಲಿ ಎರಡು ನಿಮಿಷ ಇಡುತ್ತೇನೆ. ತೆಗೆದು, ಬಿಡಿಸಲು ಬಂದಷ್ಟು ಬಿಡಿಸಿ, ಮಗುಚಿ ಹಾಕುತ್ತೇನೆ. ಮತ್ತೆ ಎರಡು ನಿಮಿಷ. ಪೂರ್ತಿ ಕರಗುವವರೆಗೆ ಕಾಯುವುದಿಲ್ಲ. ಬೆರಳಿಗೆ ಮೀನು ಬಾಗಿದರೂ ಒಳಗೆ ಸ್ವಲ್ಪ ಮಂಜು ಉಳಿದಿರುವಾಗಲೇ ತೆಗೆದು ಹತ್ತು ನಿಮಿಷ ಹೊರಗೆ ಬಿಡುತ್ತೇನೆ. ಉಳಿದದ್ದು ತಾನಾಗಿ ಬಿಡುತ್ತದೆ. ಕೂಡಲೇ ಅಡುಗೆಗೆ ಹಾಕಬೇಕು ಅಷ್ಟೇ, ಕರಗಿದ ಮೀನನ್ನು ಇಟ್ಟುಕೊಂಡು ಕೂರಬಾರದು. ಬಾಲ ಬೇಯುವುದಿಲ್ಲ. ಚರ್ಮ ಒಡೆಯುವುದಿಲ್ಲ.

ನಿನ್ನೆಯ ಸಾರು

ಮೀನಿನ ಸಾರು ಮಾರನೆಯ ದಿನವೇ ರುಚಿ ಅಂತ ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ರುಚಿಯನ್ನು ಹಾಳು ಮಾಡುವುದಕ್ಕೆ ಪೂರ್ತಿ ಉರಿಯ ಮೈಕ್ರೋವೇವಿನಷ್ಟು ಸುಲಭದ ದಾರಿ ಇನ್ನೊಂದಿಲ್ಲ. ತೆಂಗಿನಕಾಯಿ ಅರೆದು ಹಾಕಿದ ಗಸಿ ದಪ್ಪ ಇರುತ್ತದೆ. ತಿಳಿಸಾರಿನಲ್ಲಿ ಹಬೆ ಗುಳ್ಳೆಯಾಗಿ ಸಲೀಸಾಗಿ ಮೇಲೆ ಬರುತ್ತದೆ, ಗಸಿಯಲ್ಲಿ ಹಾಗೆ ಬರಲು ಆಗುವುದಿಲ್ಲ. ಕೆಳಗೇ ಸೇರಿ ಸೇರಿ, ಒಮ್ಮೆಲೇ ಫಟ್ ಅಂತ ಒಡೆಯುತ್ತದೆ. ಓವನ್ನಿನ ಸೂರಿಗೆಲ್ಲ ಕೆಂಪು ಚುಕ್ಕೆ. ಉಪ್ಪು ಇರುವ ಸಾರಿನಲ್ಲಿ ಅಲೆ ಇನ್ನೂ ಬೇಗ, ಹೊರಭಾಗದಲ್ಲೇ ಮುಗಿದುಹೋಗುತ್ತದೆ. ಹಾಗಾಗಿ ಬಟ್ಟಲಿನ ಅಂಚು ಕೊತಕೊತ ಕುದಿಯುವಾಗ ಮಧ್ಯದ ಮೀನು ಫ್ರಿಜ್ಜಿನ ತಣ್ಣಗೇ ಇರುತ್ತದೆ. ಅದನ್ನು ಬಿಸಿ ಮಾಡಲು ಹೋಗಿ ಅಂಚಿನ ಮೀನು ರಬ್ಬರಾಗುತ್ತದೆ.

50ರಲ್ಲಿ ಇಡಿ. ಎರಡು ನಿಮಿಷಕ್ಕೆ ಬದಲು ನಾಲ್ಕು ನಿಮಿಷ. ಒಟ್ಟು ಉರಿ ಅಷ್ಟೇ, ಆದರೆ ಆಗುವುದು ಬೇರೆ. ಗಾಜಿನ ಬಟ್ಟಲಿನ ಮೇಲೆ ಸಡಿಲವಾಗಿ ಒಂದು ತಟ್ಟೆ ಮುಚ್ಚಿ. ಮಧ್ಯದಲ್ಲಿ ಒಮ್ಮೆ ತೆಗೆದು, ಚಮಚ ಹಾಕದೆ, ಬಟ್ಟಲನ್ನೇ ಮೆಲ್ಲಗೆ ಅಲ್ಲಾಡಿಸಿ. ಮಣ್ಣಿನ ಪಾತ್ರೆಯಲ್ಲಿ ಮೀನಿನ ಸಾರು ಮಾಡುವವರು ಚಮಚ ಹಾಕುವುದಿಲ್ಲ, ಪಾತ್ರೆ ಹಿಡಿದು ತಿರುಗಿಸುತ್ತಾರೆ. ಇಲ್ಲೂ ಅದೇ. ಆದ ಮೇಲೆ ಬಾಗಿಲು ತೆಗೆಯದೆ ಎರಡು ನಿಮಿಷ ಬಿಡಿ. ನಾನು ಈ ಎರಡು ನಿಮಿಷವನ್ನು ಬಹಳ ಗಟ್ಟಿಯಾಗಿ ನಂಬುತ್ತೇನೆ. ಮೊದಲಿನ ನಾಲ್ಕು ನಿಮಿಷಕ್ಕಿಂತ ಜಾಸ್ತಿ ಕೆಲಸ ಅದರಲ್ಲಿ ಆಗುತ್ತದೆ.

ಇಡ್ಲಿ, ಮೂಡೆ, ಕಡುಬು ಇವಕ್ಕೂ 50, ಮೇಲೆ ಸ್ವಲ್ಪ ನೀರು ಚಿಮುಕಿಸಿ ಒದ್ದೆ ಬಟ್ಟೆ ಮುಚ್ಚಿ. ಹಾಲಿಗೂ ಅದೇ, ಕಣ್ಣು ಮಾತ್ರ ಅಲ್ಲೇ ಇರಲಿ. ತೆಂಗಿನತುರಿಗೆ 30. ಪೂರ್ತಿ ಉರಿ ಬೇಕಾದದ್ದು ನೀರಿಗೆ, ಅಲಸಂಡೆ ಬೆಂಡೆಯಂಥ ತರಕಾರಿಗೆ, ಹಪ್ಪಳಕ್ಕೆ. ನೀರು ಕಾಯಿಸುವಾಗ ಒಂದು ಎಚ್ಚರಿಕೆ. ನಯವಾದ ಗಾಜಿನ ಲೋಟದಲ್ಲಿ ನೀರು ಕುದಿಯುವ ಮಟ್ಟ ದಾಟಿದರೂ ಗುಳ್ಳೆ ಏಳದೆ ಸುಮ್ಮನಿರಬಹುದು. ಮೇಲೆ ಚಾಪುಡಿ ಬಿದ್ದ ಕ್ಷಣಕ್ಕೆ ಹಾರಿ ಕೈ ಸುಡುತ್ತದೆ. ಒಂದು ಮರದ ಚಮಚ ಒಳಗೆ ಹಾಕಿಟ್ಟರೆ ಸಾಕು.

ಹಪ್ಪಳದ ಜೊತೆ ನಾನು ಒಂದು ಪರೀಕ್ಷೆ ಮಾಡಿದೆ. ತಿರುಗುವ ಗಾಜಿನ ತಟ್ಟೆ ತೆಗೆದು, ಒಂದು ಪಿಂಗಾಣಿ ಬೋಗುಣಿ ಕವುಚಿ, ಅದರ ಮೇಲೆ ದೊಡ್ಡ ಉದ್ದಿನ ಹಪ್ಪಳ ಇಟ್ಟೆ. ಇಪ್ಪತ್ತು ಸೆಕೆಂಡ್ ಪೂರ್ತಿ ಉರಿ. ಹಪ್ಪಳ ಅಲ್ಲಲ್ಲಿ ಮಾತ್ರ ಅರಳಿತ್ತು, ನಡುನಡುವೆ ಹಸಿ. ಅರಳಿದ ಒಂದು ಕಡೆಯಿಂದ ಇನ್ನೊಂದಕ್ಕೆ ಅಳೆದರೆ ಸುಮಾರು ಆರು ಸೆಂಟಿಮೀಟರ್. ಓವನ್ನಿನ ಅಲೆ 2450 ಮೆಗಾಹರ್ಟ್ಸ್, ಅದರ ಉದ್ದ ಹನ್ನೆರಡು ಸೆಂಟಿಮೀಟರ್ ಚಿಲ್ಲರೆ, ಅದರ ಅರ್ಧ ಆರು. ಲೆಕ್ಕ ಕಣ್ಣೆದುರು ಕೂತಿತ್ತು. ತುಂಬಾ ಖುಷಿಯಾಯಿತು. ಪೆಟ್ಟಿಗೆಯೊಳಗೆ ಬಿಸಿ ಒಂದೇ ಸಮ ಇರುವುದಿಲ್ಲ ಅಂತ ಓದಿದ್ದೆ. ಹಪ್ಪಳ ಅದನ್ನು ಚಿತ್ರ ಬರೆದು ತೋರಿಸಿತು. ಮಗುವಿನ ಹಾಲಿನ ಬಾಟಲಿಯನ್ನು ಇದರಲ್ಲಿ ಇಡಬೇಡಿ ಅನ್ನುವುದೂ ಇದಕ್ಕೇ. ಹೊರಗಿನಿಂದ ಮುಟ್ಟಿದರೆ ಉಗುರು ಬೆಚ್ಚಗೆ, ಒಳಗೆ ಎಲ್ಲೋ ಒಂದು ಕಡೆ ಸುಡುವ ಹಾಲು.

ನಿಮ್ಮದು ಎಷ್ಟು ಉರಿ?

ಇನ್ನೊಂದು ವಿಷಯ ಹೇಳಲೇಬೇಕು. ಬೇರೆಯವರು ಬರೆದ ನಿಮಿಷಗಳನ್ನು ಹಾಗೇ ನಂಬಬೇಡಿ, ನನ್ನದನ್ನೂ. ಒಂದು ಮನೆಯ ಪೂರ್ತಿ ಉರಿ 700 ವಾಟ್, ಇನ್ನೊಂದು ಮನೆಯದ್ದು 1000. ನಿಮ್ಮದು ಎಷ್ಟು ಅಂತ ತಿಳಿಯಲು ಒಂದು ಲೀಟರ್ ನೀರು, ಒಂದು ಥರ್ಮಾಮೀಟರ್ ಸಾಕು. ನೀರಿನ ಬಿಸಿ ಅಳೆಯಿರಿ, ಪೂರ್ತಿ ಉರಿಯಲ್ಲಿ ಎರಡು ನಿಮಿಷ ಇಡಿ, ಕದಡಿ ಮತ್ತೆ ಅಳೆಯಿರಿ. ಎಷ್ಟು ಡಿಗ್ರಿ ಏರಿತೋ ಅದನ್ನು 35ರಿಂದ ಗುಣಿಸಿ. ನನ್ನದು ಬೆಳಿಗ್ಗೆ 22 ಡಿಗ್ರಿ ಏರಿತು, ಅಂದರೆ 770 ವಾಟ್. ಅದೇ ಓವನ್ ಒಂದು ಮಳೆಯ ಸಂಜೆ, ಬಲ್ಬು ಮಂಕಾಗಿದ್ದಾಗ, 18 ಡಿಗ್ರಿಯಷ್ಟೇ ಏರಿಸಿತು. ಓಲ್ಟೇಜ್ ಇಳಿದರೆ ಉರಿಯೂ ಇಳಿಯುತ್ತದೆ. ಒದ್ದೆ ಕಟ್ಟಿಗೆಯ ಹಾಗೆ.

ಮತ್ತೆ, ಕಡಿಮೆ ಉರಿಯಲ್ಲಿ ಹತ್ತು ಹದಿನೈದು ಸೆಕೆಂಡ್ ಇಡುವುದರಲ್ಲಿ ಅರ್ಥ ಇಲ್ಲ. ನಮ್ಮ ಓವನ್‌ನಲ್ಲಿ 50ಕ್ಕೆ ಹಾಕಿದರೂ ಮೊದಲ ಹದಿನೈದು ಸೆಕೆಂಡ್ ಪೂರ್ತಿಯೇ ಉರಿಯುತ್ತದೆ. ಬಿಡುವು ಬರುವ ಮೊದಲೇ ನೀವು ಬಾಗಿಲು ತೆಗೆದಿರುತ್ತೀರಿ.

ಈ ಜೂನಿನಲ್ಲಿ ಅಮ್ಮ ಮತ್ತೆ ಬಂದರು. ನಾನು ಏನೂ ಹೇಳದೆ ಒಂದು ಕಟ್ಟು ಬಂಗುಡೆ 30ರಲ್ಲಿ ಇಟ್ಟು, ಅವರನ್ನು ಹತ್ತಿರ ಕರೆದು ನಿಲ್ಲಿಸಿದೆ. "ಸದ್ದು ಕೇಳಿ ಅಮ್ಮ" ಅಂದೆ. ಗುಂಯ್ ಅಂತು. ನಿಂತಿತು. ಅಮ್ಮ ನನ್ನ ಮುಖ ನೋಡಿದರು. ಮತ್ತೆ ಗುಂಯ್. ಅಮ್ಮ ತಲೆ ಸ್ವಲ್ಪ ವಾರೆ ಮಾಡಿ ಕೇಳುತ್ತಿದ್ದರು, ಅಜ್ಜಿ ಮಡಕೆಗೆ ಕಿವಿ ಕೊಡುತ್ತಿದ್ದ ಹಾಗೇ. ಮೂರನೇ ಸಲ ಸದ್ದು ನಿಂತಾಗ "ಎಳೀತು" ಅಂದರು.

ಮಾರನೆಯ ದಿನ ಅವರೇ ಕೇಳಿದರು. "ಇದರಲ್ಲಿ ಕುಚ್ಚಲಕ್ಕಿ ಆಗ್ತದಾ?" ಮಾಡಿ ನೋಡಿದೆವು. ಒಂದು ಪಾವು ಅಕ್ಕಿ, ದೊಡ್ಡ ಗಾಜಿನ ಬೋಗುಣಿ. ಕುದಿ ಬರುವವರೆಗೆ ಪೂರ್ತಿ, ಆಮೇಲೆ 30. ಎರಡು ಸಲ ಉಕ್ಕಿತು, ಒಂದು ಗಂಟೆ ದಾಟಿತು. ಅನ್ನ ಆಯಿತು. ಅಮ್ಮ ಒಂದು ಅಗುಳು ಹಿಚುಕಿ ನೋಡಿ, "ಬೆಂದಿದೆ. ಆದರೆ ಗಂಜಿ ತೆಳಿಗೆ ರುಚಿ ಇಲ್ಲ" ಅಂದರು. ನನಗೂ ಹಾಗೇ ಅನಿಸಿತು. ಅನ್ನ ಗ್ಯಾಸಿಗೆ, ಥರ್ಮಲ್ ಕುಕ್ಕರಿಗೆ ವಾಪಸ್ ಹೋಯಿತು. ಮೀನು ಮಾತ್ರ ಅಮ್ಮನ ಕೈಗೆ ಬಂತು. ಜುಲೈ ಪೂರ್ತಿ ಅವರೇ ಬಟನ್ ಒತ್ತಿ, ಕುರ್ಚಿ ಎಳೆದುಕೊಂಡು ಕೂತು, ಮಗುಚಿ ಹಾಕಿ ಬಿಡಿಸುತ್ತಿದ್ದರು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಮಸಾಲೆಯೂ ಅರೆದಿರುತ್ತಿತ್ತು. ಕೊನೆಯ ಕಟ್ಟು ಮುಗಿದದ್ದು ಜುಲೈ 29ಕ್ಕೆ. ಅದರ ಮುಂದಿನ ವಾರ ದಕ್ಕೆಯಲ್ಲಿ ತಾಜಾ ಮೀನು ಬಂತು.